ಹೊಸ್ತಿಲು ಹಿಡಿದ ಸಂಘ

ಹುಣಸೆಕೊತ್ತೂರು
ಬಂಗಾರಪೇಟೆ ತಾಲೂಕು
12 ಜುಲೈ 1993

ಅನಸೂಯ,

ಧಾರವಾಡಕ್ಕೆ ಹೋದ ಮೇಲೆ ತಂಗಿ ಒಂದು ಗೀಟು ಬರೆದಿಲ್ಲ ಅಂತ ನಿಮ್ಮಣ್ಣ ದಿನಾ ಗೊಣಗುತ್ತಾರೆ. “ಆಫೀಸರಮ್ಮ ಆದಳಲ್ಲ, ಇನ್ನು ನಾವೆಲ್ಲಿ ಕಣ್ಣಿಗೆ ಕಾಣ್ತೀವಿ” ಅಂತ ನಾನೂ ಒಂದಷ್ಟು ಒಗ್ಗರಣೆ ಹಾಕುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ಗಂಡನ ತಂಗಿಯನ್ನು ಇಷ್ಟು ಕೂಡ ಆಡಿಕೊಳ್ಳದಿದ್ದರೆ ಅತ್ತಿಗೆ ಅನ್ನಿಸಿಕೊಂಡು ಏನು ಬಂತು?

ನೀನು ಕಟ್ಟಿಕೊಟ್ಟು ಹೋದ ಸಂಘ ನಡೆಯುತ್ತಿದೆ. ಊರಲ್ಲಿ ಏಳನೇ ಕ್ಲಾಸು ಓದಿದವಳು ಅಂತ ನನ್ನನ್ನು ಅಧ್ಯಕ್ಷೆ ಮಾಡಿ ಕೂರಿಸಿದೆ, ಈಗ ಊರ ಹೆಂಗಸರ ಜಗಳವೆಲ್ಲ ನನ್ನ ಜಗಲಿಗೆ ಬರುತ್ತದೆ. ಗುರುವಾರ ಸಾಯಂಕಾಲ ಹಾಲು ಕರೆದಾದ ಮೇಲೆ ಶಾಲೆ ಹತ್ತಿರ ಸೇರಿ ಉಳಿತಾಯದ ದುಡ್ಡು ಹಾಕುತ್ತೇವೆ. ಮೊದಲನೇ ಸರದಿಯ ಸಾಲದಲ್ಲಿ ಸೀಮೆಹಸು ಕಟ್ಟಿದವರು ಬೆಳಗ್ಗೆ ಮಾರಿಕುಪ್ಪಂ ರೈಲಿಗೆ ಕ್ಯಾನು ಹೊತ್ತುಕೊಂಡು ಹೋಗಿ, ಚಿನ್ನದ ಗಣಿಯ ತಮಿಳು ಕೆಲಸಗಾರರಿರುವ ನಂದಿದುರ್ಗದ ಲೈನುಗಳಲ್ಲಿ ಮನೆಮನೆಗೆ ಹಾಲು ಹಾಕಿ ಬರುತ್ತಾರೆ. ನಮ್ಮ ಪಕ್ಕದ ಮನೆ ಮುತ್ಯಾಲಮ್ಮನಿಗೆ ತಮಿಳೂ ಬಂದುಬಿಟ್ಟಿದೆ ಕಣೇ. “ಪಾಲ್, ಪಾಲ್” ಅಂತ ಅವಳು ಕೂಗಿದ್ದನ್ನು ಕೇಳಿದರೆ ನೀನು ಬಿದ್ದು ಬಿದ್ದು ನಗಬೇಕು.

ಬರೆಯುವ ಕಾರಣ ಅವಳದೇ. ಅವಳ ಮಗಳು ನಾರಾಯಣಿ, ಶಾಲೆಯಲ್ಲಿ ಹೆಸರು ಮುನಿನಾರಾಯಣಮ್ಮ, ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದಾಳೆ. ನಿಮ್ಮ ಸಂಸ್ಥೆಯಲ್ಲಿ ಹುಡುಗಿಯರಿಗೆ ಹೊಲಿಗೆ ತರಬೇತಿ ಇದೆ, ಕಲಿತು ಹೊರಡುವಾಗ ಒಂದು ಮಿಷನ್ನೂ ಕೊಡುತ್ತಾರೆ ಅಂತ ಹೇಳಿದ್ದೆಯಲ್ಲ. ಮುತ್ಯಾಲಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದಳು: “ಅಕ್ಕಾ, ನನ್ ಮಗಳು ಕಂಡೋರ ಒಲದಾಗೆ ಬಗ್ಗಬಾರ್ದು. ಮಿಸನ್ ಮುಂದೆ ಕುಂತ್ಕಂಡು ದುಡೀಬೇಕು. ಇದೊಂದು ಆದ್ರೆ ನಂಗಿನ್ನೇನೂ ಬ್ಯಾಡ.” ಅವಳ ಗಂಡ ಕದಿರಪ್ಪ ಕೆಮ್ಮು ಹಿಡಿದು ಕೂತಿದ್ದಾನೆ, ಮನೆ ನಡೆಯುವುದು ಅವಳ ಹಾಲಿನ ಕ್ಯಾನಿನಿಂದ. ಆ ಹುಡುಗಿಗೆ ಒಂದು ಜಾಗ ಕೊಡಿಸು.

ನನ್ನ ಮಗಳು ವರಲಕ್ಷ್ಮಿಗೂ ಅದೇ ವಯಸ್ಸು. ಸೂಜಿಗೆ ದಾರ ಪೋಣಿಸು ಅಂದರೆ ಆಕಳಿಸುತ್ತಾಳೆ.

ನಿನ್ನ ಅತ್ತಿಗೆ,
ಗಂಗರತ್ನ


ಧಾರವಾಡ
5 ಆಗಸ್ಟ್ 1993

ಪ್ರೀತಿಯ ಅತ್ತಿಗೆಗೆ ಅನಸೂಯಳ ನಮಸ್ಕಾರ.

ನಿಮ್ಮ ಬೈಗುಳ ಓದಿ ಹೊಟ್ಟೆ ತುಂಬಿತು. ಇಲ್ಲಿ ಯಾರೂ ಬಯ್ಯುವುದಿಲ್ಲ, ಎಲ್ಲರೂ “ಮೇಡಂ” ಎನ್ನುತ್ತಾರೆ.

ನಾನು ಪಾಠ ಮಾಡುವ ಪ್ರತಿ ತಂಡಕ್ಕೂ ನಮ್ಮೂರಿನ ಸಂಘದ ಕಥೆಯನ್ನೇ ಹೇಳುತ್ತೇನೆ. ಕೂಲಿಗೆ ಹೋಗುತ್ತಿದ್ದ ಮುತ್ಯಾಲಮ್ಮ ಇಂದು ಹಾಲಿನ ವ್ಯಾಪಾರಿ ಎಂದಾಗ ಹಾವೇರಿ, ಗದಗದ ಕಡೆಯ ಹೆಂಗಸರು ಬಾಯಿ ಬಿಟ್ಟು ಕೇಳುತ್ತಾರೆ. ಅವಳ ಮಗಳಿಗಲ್ಲದೆ ಇನ್ನಾರಿಗೆ ಜಾಗ? ಜನವರಿ ತಂಡದಲ್ಲಿ ಮುನಿನಾರಾಯಣಮ್ಮನ ಹೆಸರು ಬರೆದುಕೊಂಡಿದ್ದೇನೆ. ತಾಯಿ ಸಂಘದ ಸದಸ್ಯೆಯಾಗಿರಬೇಕು, ಸಾಲದ ಕಂತು ನಿಂತಿರಬಾರದು, ಇಷ್ಟೇ ನಿಯಮ. ಮುತ್ಯಾಲಮ್ಮನ ವಿಷಯದಲ್ಲಿ ಅದನ್ನು ಬರೆಯುವುದೇ ಅಧಿಕಪ್ರಸಂಗ.

ಅಣ್ಣನಿಗೆ ಬೀಡಿ ಕಡಿಮೆ ಮಾಡಲು ಹೇಳಿ. ವರಳಿಗೆ ಮುತ್ತು.

ಅನಸೂಯ


ಹುಣಸೆಕೊತ್ತೂರು
2 ನವೆಂಬರ್ 1993

ಅನಸೂಯ,

ಒಳ್ಳೆ ಸುದ್ದಿ ಸಿಕ್ಕಮೇಲೆ ಬರೆಯೋಣ ಅಂತ ಕಾದೆ. ಸಿಗಲಿಲ್ಲ. ಮುತ್ಯಾಲಮ್ಮನ ಹಸು ಸತ್ತುಹೋಯಿತು.

ಹಸು ಕೊಡಿಸುವಾಗ ವಿಮೆಯವರು ಕಿವಿಗೆ ಒಂದು ಬಿಲ್ಲೆ ಹೊಡೆದಿದ್ದರಲ್ಲ, ಮಳೆಗಾಲದಲ್ಲಿ ಆ ತೂತು ಕೀವಾಗಿ ಹುಳ ಬಿತ್ತು. ಪಾಪದ ಪ್ರಾಣಿ ತಲೆ ಒದರಿ ಒದರಿ ಗೂಟಕ್ಕೆ ಉಜ್ಜಿಕೊಳ್ಳುತ್ತಿತ್ತು. ಮುತ್ಯಾಲಮ್ಮನ ಅತ್ತೆ ಪಾಪಕ್ಕ ನೋಡಿಕೊಂಡು ಸುಮ್ಮನಿರುವ ಹೆಂಗಸಾ? ಇಕ್ಕಳ ತಂದು ಬಿಲ್ಲೆ ಕಿತ್ತು, ಬೇವು ಅರಿಶಿನ ಅರೆದು ಮೆತ್ತಿದಳು. ಗಾಯ ವಾಸಿಯೂ ಆಯಿತು. ಸರ್ಕಾರದವರು ಕೊಟ್ಟ ವಸ್ತು ಕಳೆಯಬಾರದು ಅಂತ ಬಿಲ್ಲೆಯನ್ನು ತೊಳೆದು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದರು. ಹೋದ ತಿಂಗಳು ಹಸಿ ಜೋಳದ ಸೊಪ್ಪಿಗೆ ಬಾಯಿ ಹಾಕಿ ಹಸುವಿಗೆ ಹೊಟ್ಟೆ ಉಬ್ಬರಿಸಿತು. ಡಾಕ್ಟರನ್ನು ಕರೆಯಲು ಆಳು ಬಂಗಾರಪೇಟೆ ಸೇರುವುದರೊಳಗೆ ಕಾಲು ಚಾಚಿತ್ತು. ಮನೆ ಲಕ್ಷ್ಮಿ ಅಲ್ಲವಾ, ಮುತ್ಯಾಲಮ್ಮ ತನ್ನ ಧಾರೆ ಸೀರೆಯನ್ನು ಹರಿದು ಹೊದಿಸಿ, ಅರಿಶಿನ ಚೆಲ್ಲಿ, ಅವತ್ತೇ ಹೊಲದ ಬದಿಯಲ್ಲಿ ಹೂತಳು.

ಆಮೇಲೆ ವಿಮೆಯವನು ಬಂದ. ಇವಳು ಬಿಲ್ಲೆ ತಂದು ಅವನ ಕೈಗಿಟ್ಟಳು. “ಇದು ಇದ್ದ ಕಿವಿ ಎಲ್ಲಮ್ಮ?” ಅಂದ. ಸತ್ತ ಹಸುವಿನ ಕಿವಿಯನ್ನು ಬಿಲ್ಲೆ ಸಮೇತ ಕೊಯ್ದು ತೋರಿಸಬೇಕಂತೆ. ಇಲ್ಲದಿದ್ದರೆ ಬಿಲ್ಲೆ ಯಾವ ಹಸುವಿನದೋ ಯಾರಿಗೆ ಗೊತ್ತು ಅಂತಾನೆ. “ಸ್ವಾಮಿ, ಆಲು ಕೊಟ್ಟ ತಾಯಿ ಅದು. ಅದರ ಕಿವಿ ಕುಯ್ಯಕ್ಕೆ ಕೈ ಎಂಗೆ ಬತ್ತೈತೆ?” ಅಂತ ಇವಳು ಅಳುತ್ತಾಳೆ, ಅವನು ಸ್ಕೂಟರ್ ಹತ್ತಿ ಹೊರಟೇಹೋದ. ಹಸು ಕೊಡಿಸುವಾಗ ಈ ಕಿವಿ ಮಾತನ್ನು ನಮಗೆ ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ. ಉಳಿತಾಯದ ಹಾಡು ಮಾತ್ರ ಚಪ್ಪಾಳೆ ತಟ್ಟಿಸಿ ಕಲಿಸಿದೆ.

ವಿಮೆ ಬರುವುದಿಲ್ಲ, ಹಾಲಿಲ್ಲ, ಕಂತು ನಿಂತಿದೆ. ಮೊದಲನೇ ಸರದಿಯ ಸಾಲ ಪೂರ್ತಿ ತೀರದೆ ಎರಡನೇ ಸರದಿ ಬರುವುದಿಲ್ಲವಲ್ಲ, ಹಸುವಿಗೆ ಕಾದಿರುವವರೆಲ್ಲ ಅವಳನ್ನು ಗುರುಗುಟ್ಟಿಕೊಂಡು ನೋಡುತ್ತಿದ್ದಾರೆ. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತ ಗಾದೆ. ನಮ್ಮ ಸಂಘದಲ್ಲಿ ಹಾವು ಸಾಯದಿದ್ದರೂ ಮನುಷ್ಯರು ಸತ್ತಾರು ಅನ್ನಿಸುತ್ತಿದೆ.

ನಿಮ್ಮ ಮೇಲಿನವರಿಗೆ ಒಂದು ಮಾತು ಬರೆದು ಅವಳಿಗೆ ಒಂದು ವರ್ಷ ಗಡುವು ಕೊಡಿಸು. ಹುಡುಗಿಯ ಜಾಗಕ್ಕೆ ಮಾತ್ರ ಕೈ ಹಾಕಬೇಡ.

ಗಂಗರತ್ನ


ಧಾರವಾಡ
19 ನವೆಂಬರ್ 1993

ಪ್ರೀತಿಯ ಅತ್ತಿಗೆ,

ಓದಿ ತುಂಬಾ ನೋವಾಯಿತು. ಮುತ್ಯಾಲಮ್ಮನಿಗೆ ನನ್ನ ಸಮಾಧಾನ ಹೇಳಿ.

ಆದರೆ ಗಡುವಿನ ಮಾತು ಕಷ್ಟ. ಒಬ್ಬರಿಗೆ ಕೊಟ್ಟರೆ ನೂರು ಸಂಘದವರು ಕೇಳುತ್ತಾರೆ. ಮುಖ ನೋಡಿ ಮಣೆ ಹಾಕಿದಳು, ಅದೂ ತನ್ನೂರಿನವಳಿಗೆ, ಎಂದು ನನ್ನ ಮೇಲೂ ಬರುತ್ತದೆ. ಜನವರಿಯಲ್ಲಿ ನಮಗೆ ಹಣ ಕೊಡುವ ಹೊರದೇಶದವರು ಬರುತ್ತಾರೆ. ಸಾಲ ನೂರಕ್ಕೆ ನೂರು ವಾಪಸಾದ ಸಂಘ ಎಂದು ನಮ್ಮೂರಿನ ಹೆಸರನ್ನೇ ಕೊಟ್ಟಿದ್ದೇನೆ. ಈಗ ಹಿಂದೆಗೆದರೆ ಹೇಗೆ?

ಒಬ್ಬಳು ಬಿದ್ದರೆ ಉಳಿದವರೆಲ್ಲ ಸೇರಿ ಎತ್ತಬೇಕು, ಸಂಘ ಎಂದರೆ ಅದೇ ತಾನೇ? ನೀವು ಎಲ್ಲರನ್ನೂ ಕೂರಿಸಿ ತಿಳಿಹೇಳಿ. ಡಿಸೆಂಬರ್ ಮುಗಿಯುವುದರೊಳಗೆ ಸಾಲ ತೀರಿದರೆ ಹುಡುಗಿಯ ಜಾಗಕ್ಕೆ ನಾನು ಹೊಣೆ. ಇದನ್ನು ಮುತ್ಯಾಲಮ್ಮನಿಗೆ ಧೈರ್ಯವಾಗಿ ಹೇಳಬಹುದು.

ಅನಸೂಯ


ಹುಣಸೆಕೊತ್ತೂರು
8 ಡಿಸೆಂಬರ್ 1993

ಅನಸೂಯ,

ನೀನು ಬರೆದ ಹಾಗೇ ಮಾಡಿದೆ. ಸಂಘದವರೆಲ್ಲ ಮುತ್ಯಾಲಮ್ಮನ ಮನೆಗೆ ಹೋಗಿ ಕೂತು ಮಾತಾಡಿದೆವು. ತಿಂಗಳ ಕೊನೆಯೊಳಗೆ ಕಟ್ಟುತ್ತೇನೆ ಅಂತ ಒಪ್ಪಿದ್ದಾಳೆ. ಎಲ್ಲಿಂದ ತರುತ್ತಾಳೆ ಅಂತ ನಾನು ಕೇಳಲಿಲ್ಲ.

ಹುಡುಗಿಯ ಜಾಗದ ಬಗ್ಗೆ ನಿನ್ನ ಮಾತನ್ನು ನಾಲ್ಕು ಜನರ ಮುಂದೆ ಹೇಳಿದ್ದೇನೆ. ನಾರಾಯಣಿ ಆಗಲೇ ಹಳೇ ಲಂಗ ಬಿಚ್ಚಿ ಹೊಲಿದು ಅಭ್ಯಾಸ ಮಾಡುತ್ತಿದ್ದಾಳೆ. ಜಾಗ ಗಟ್ಟಿ ಅಂತ ಒಂದು ಸಾಲು ಬರೆದು ಹಾಕು, ಅವಳಿಗೆ ಓದಿ ಹೇಳುತ್ತೇನೆ.

ಗಂಗರತ್ನ


ಧಾರವಾಡ
16 ಡಿಸೆಂಬರ್ 1993

ಪ್ರೀತಿಯ ಅತ್ತಿಗೆ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ತರಬೇತಿಯ ಪಟ್ಟಿ ಕೂಡಲೇ ಬೇಕೆಂದು ಮೇಲಿನವರು ಒತ್ತಾಯ ಮಾಡಿದರು. ನಿಮ್ಮ ಪತ್ರ ಕೈಗೆ ಬರುವ ಹೊತ್ತಿಗೆ ಪಟ್ಟಿ ಹೊರಟುಹೋಗಿತ್ತು. ಅಷ್ಟು ಸಾಲ ಮುತ್ಯಾಲಮ್ಮ ಇಷ್ಟು ಬೇಗ ತೀರಿಸಿಯಾಳೆಂದು ನನಗೆ ನಿಜವಾಗಿ ಅನ್ನಿಸಿರಲಿಲ್ಲ. ಖಾಲಿ ಬಿಟ್ಟರೆ ಜಾಗ ಬೇರೆ ಜಿಲ್ಲೆಯ ಪಾಲಾಗುತ್ತಿತ್ತು. ನಮ್ಮೂರಲ್ಲೇ ಉಳಿಯಲಿ ಎಂದು ವರಲಕ್ಷ್ಮಿಯ ಹೆಸರು ಬರೆದುಬಿಟ್ಟೆ. ಕಂತು ಬಾಕಿ ಇಲ್ಲದ ಮನೆಯ ಹುಡುಗಿ ಎಂದರೆ ತಟ್ಟನೆ ಅವಳೇ ನೆನಪಾದಳು. ಅಣ್ಣನಿಗೆ ಸಂತೋಷವಾದೀತು. ಸೋದರತ್ತೆ ಎಂದು ನಾನೂ ಅವಳಿಗೆ ಏನು ಮಾಡಿದ್ದೇನೆ ಇಷ್ಟು ದಿನ?

ಮುತ್ಯಾಲಮ್ಮನಿಗೆ ನೀವೇ ಮೆಲ್ಲಗೆ ತಿಳಿಸಿಬಿಡಿ. ಮಗಳ ಜಾಗಕ್ಕಾಗಿ ಕಂಡಕಂಡಲ್ಲಿ ಕೈ ಚಾಚುವುದು ಬೇಡ, ನಿಧಾನವಾಗಿ ಕಟ್ಟಲಿ ಎನ್ನಿ. ಮುಂದೆ ನೋಡೋಣ.

ಅನಸೂಯ


ಹುಣಸೆಕೊತ್ತೂರು
3 ಜನವರಿ 1994

ಅನಸೂಯ,

ನಿನ್ನ ಪತ್ರ ಬಂತು. ಮುತ್ಯಾಲಮ್ಮ ಡಿಸೆಂಬರ್ ಮೂವತ್ತಕ್ಕೆ ಸಾಲ ಪೂರ್ತಿ ಕಟ್ಟಿದಳು.

ವರಳನ್ನು ನಿಮ್ಮಣ್ಣ ಕರೆದುಕೊಂಡು ಬರುತ್ತಾರೆ. ಕಡಲೆಕಾಯಿ ಕಳಿಸಿದ್ದೇನೆ, ಚೀಲದ ತಳದಲ್ಲಿ ಹುಣಸೆಹಣ್ಣಿದೆ, ಅದನ್ನು ಬಿಸಿಲಿಗಿಡು. ಎರಡನೇ ಸರದಿಯ ಸಾಲ ಬೇಗ ಕೊಡಿಸು.

ಬೇರೆ ವಿಶೇಷ ಇಲ್ಲ.

ಗಂಗರತ್ನ


ಧಾರವಾಡ
20 ಫೆಬ್ರವರಿ 1994

ಅತ್ತಿಗೆ,

ಹೊರದೇಶದವರು ನಮ್ಮ ಸಂಘದ ಲೆಕ್ಕ ನೋಡಿ ತಲೆದೂಗಿದರು. ನನ್ನನ್ನು ತರಬೇತಿ ವಿಭಾಗದ ಮುಖ್ಯಸ್ಥೆ ಮಾಡಿದ್ದಾರೆ. ನಿಮಗೆ ಸಿಹಿ ಕಳಿಸಬೇಕೆಂದು ಮಿಠಾಯಿ ಅಂಗಡಿಯ ತನಕ ಹೋಗಿದ್ದೆ. ಅವತ್ತು ಸಂಜೆಯೇ ವರ ನನ್ನ ಮುಂದೆ ಅತ್ತಳು.

ಒಂದು ತಿಂಗಳಿಂದ ಹುಡುಗಿ ಮಂಕಾಗಿದ್ದಳು. ಊರ ನೆನಪು ಎಂದುಕೊಂಡಿದ್ದೆ. “ಅತ್ತೆ, ನಾನು ತುಳೀತಿರೋ ಮಿಷನ್ನು ನಾರಾಯಣೀದು” ಎಂದಳು. ನೀವೆಲ್ಲ ಮುತ್ಯಾಲಮ್ಮನ ಹೊಸ್ತಿಲು ಹಿಡಿದಿರಂತೆ. ನಿಜವೇ? ಬಲವಂತ ಮಾಡಬಾರದೆಂದು ನಮ್ಮ ನಿಯಮದಲ್ಲೇ ಇದೆ. ನೀವು ಹೀಗೆ ಮಾಡುತ್ತೀರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನೊಂದು ಕೇಳಲೇಬೇಕು. ನನ್ನ ಡಿಸೆಂಬರ್ ಪತ್ರ ಮುತ್ಯಾಲಮ್ಮ ಹಣ ಕಟ್ಟುವ ಮುಂಚೆಯೇ ನಿಮಗೆ ಸೇರಿರಬೇಕು. ಜಾಗ ಹೋಯಿತೆಂದು ಅವಳಿಗೆ ಹೇಳಿದಿರಿ ತಾನೇ?

ಅನಸೂಯ


ಹುಣಸೆಕೊತ್ತೂರು
9 ಮಾರ್ಚ್ 1994

ಮುಖ್ಯಸ್ಥೆ ಅನಸೂಯಮ್ಮನವರಿಗೆ,

ಹೌದು ತಾಯಿ, ಹಿಡಿದೆವು. ಧಾರವಾಡದ ನೀರು ಕುಡಿದು ಮರೆತಿದ್ದರೆ ನೆನಪು ಮಾಡುತ್ತೇನೆ. ಹೊಸ್ತಿಲಲ್ಲಿ ಹಸಿದು ಕೂತವರಿರುವಾಗ ಒಳಗೆ ಒಲೆ ಹಚ್ಚುವ ಹಾಗಿಲ್ಲ, ನಮ್ಮೂರಲ್ಲಿ ಯಾರೂ ಹಚ್ಚಲ್ಲ. ಅದಕ್ಕೇ ನಾವೂ ಉಪವಾಸ ಹೋಗಿ ಕೂತೆವು. ಬೆಳಗ್ಗೆ ಕಸ ಗುಡಿಸಲು ಬಂದ ಮುತ್ಯಾಲಮ್ಮ ನಮ್ಮನ್ನು ನೋಡಿ ಪೊರಕೆ ಕೆಳಗಿಟ್ಟಳು. “ಒಳಕ್ಕೆ ಬನ್ನಿ ಅಕ್ಕಾ” ಅಂದಳು. ಯಾರೂ ಏಳಲಿಲ್ಲ. ಕದಿರಪ್ಪ ಒಳಗೆ ಕೆಮ್ಮುತ್ತಿದ್ದ, ಅವನಿಗೆ ಒಂದು ಲೋಟ ಬಿಸಿನೀರು ಕಾಯಿಸಲೂ ಅವಳು ಒಲೆ ಹಚ್ಚಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಪಾಪಕ್ಕ ಬಂದು ನನ್ನ ಮುಂದೆ ನಿಂತಳು. “ಗಂಗರತ್ನಾ, ನೀನು ಬಸುರೀಲಿ ಉಣ್ಣಕ್ಕಾಗ್ದೇ ಬಿದ್ದಿದ್ದಾಗ ಈ ಮನೇಲೇ ಗಂಜಿ ಕುಡ್ದೆ ಕಣಮ್ಮಿ” ಅಂದಳು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಆದರೂ ಏಳಲಿಲ್ಲ. ಎದ್ದರೆ ಉಳಿದವರು ನನ್ನ ಹೊಸ್ತಿಲಿಗೆ ಬರುತ್ತಿದ್ದರು.

ಬಾಯಿ ಬಿಟ್ಟು ಬಲವಂತ ಮಾಡಿದವರು ಯಾರೂ ಇಲ್ಲ. ನಾನು ಹೇಳಿದ್ದು ಒಂದೇ ಮಾತು: “ಕಟ್ಟಿಬಿಡು ಮುತ್ಯಾಲಮ್ಮ, ನಿನ್ ಮಗಳು ಜನವರೀಲಿ ಧಾರವಾಡದಾಗಿರ್ತಾಳೆ. ನಮ್ಮ ಅನಸೂಯ ಒಣೆ ಅಂತ ಬರೆದವಳೆ.” ಆ ಮಾತಿಗೆ ಅವಳು ತಲೆ ಎತ್ತಿದಳು. ಅದು ನನ್ನ ಮಾತಲ್ಲ, ನಿನ್ನದು.

ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ನೂರಕ್ಕೆ ನೂರು ಬೇಕು ಅಂದವಳು ನೀನು. ಅದು ಹೇಗೆ ಬಂತು ಅಂತ ಕೇಳಲು ನಿನಗೆ ಕುರ್ಚಿ ಸಿಗುವ ತನಕ ಪುರುಸೊತ್ತಾಗಲಿಲ್ಲ. ಒಬ್ಬಳು ಬಿದ್ದರೆ ಎಲ್ಲರೂ ಎತ್ತಬೇಕು ಅಂತ ಅಲ್ಲಿ ಕೂತು ಬರೆದೆ. ಎತ್ತಲು ನಮ್ಮ ಕೈಯಲ್ಲಿ ಏನಿತ್ತು? ಎರಡನೇ ಸರದಿಗೆ ಬಾಯಿಬಿಟ್ಟುಕೊಂಡಿದ್ದ ಹೆಂಗಸರು ನಾವು, ತುಳಿದೇ ಹತ್ತಿದೆವು.

ನಿನ್ನ ಇನ್ನೊಂದು ಪ್ರಶ್ನೆಗೆ ನಾನು ಉತ್ತರ ಬರೆಯುವುದಿಲ್ಲ. ಮಗಳು ಕಲಿಯಲಿ ಅಂತ ಅವಳಿಗೆ ಮಾತ್ರ ಆಸೆಯಾ? ನಾನೂ ಹೆತ್ತಿದ್ದೇನೆ.

ಗಂಗರತ್ನ


ಧಾರವಾಡ
30 ಮಾರ್ಚ್ 1994

ಅತ್ತಿಗೆ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ವಾದ ಮಾಡುವುದಿಲ್ಲ.

ಜೂನ್ ತಂಡಕ್ಕೆ ಮುನಿನಾರಾಯಣಮ್ಮನ ಹೆಸರನ್ನು ನಾನೇ ಮೊದಲು ಬರೆದಿದ್ದೇನೆ. ಈ ಸಲ ಪಟ್ಟಿಗೆ ಸಹಿ ಹಾಕುವವಳೂ ನಾನೇ, ಯಾರೂ ತೆಗೆಯಲಾರರು. ರೈಲು ಖರ್ಚಿಗೆ ಮನಿಯಾರ್ಡರು ಕಳಿಸಿದ್ದೇನೆ. ಬೇಕಾದರೆ ವರಳನ್ನು ಈಗಲೇ ವಾಪಸು ಕಳಿಸುತ್ತೇನೆ, ಅವಳೂ ಹಾಗೇ ಹೇಳುತ್ತಿದ್ದಾಳೆ. ಮುತ್ಯಾಲಮ್ಮನ ಮನೆಗೆ ಹೋಗಿ ನೀವೇ ತಿಳಿಸಿ. ಆರು ತಿಂಗಳು ತಡವಾಯಿತು, ಅಷ್ಟೇ ತಾನೇ? ಎಲ್ಲವನ್ನೂ ಸರಿಮಾಡಬಹುದು.

ಅನಸೂಯ


ಹುಣಸೆಕೊತ್ತೂರು
17 ಮೇ 1994

ಅನಸೂಯ,

ಮನಿಯಾರ್ಡರು ಬಂತು. ಪಕ್ಕದ ಮನೆಗೆ ಹೋಗಿ ಹೇಳು ಅಂತ ಬರೆದಿದ್ದೀಯ. ಪಕ್ಕದ ಮನೆಯಲ್ಲಿ ಈಗ ಪಾಪಕ್ಕ ಮತ್ತು ಕದಿರಪ್ಪ ಇಬ್ಬರೇ. ತಾಯಿ ಮಗಳು ಊರು ಬಿಟ್ಟಿದ್ದು ಗೊತ್ತಿತ್ತು, ಎಲ್ಲಿಗೆ ಅಂತ ನಾನು ಕೇಳಿರಲಿಲ್ಲ. ನಾನು ಬಾಗಿಲಿಗೆ ಹೋದರೆ ಪಾಪಕ್ಕ ಮಾತಾಡಲ್ಲ. ಕದಿರಪ್ಪನೇ ಗೋಡೆ ಹಿಡಿದು ಎದ್ದು ಬಂದು, ಅವರು ಮಾಲೂರು ಕಡೆ ಇಟ್ಟಿಗೆ ಗೂಡಿನಲ್ಲಿದ್ದಾರೆ ಅಂದ. ಮಾರನೇ ದಿನ ನಿಮ್ಮಣ್ಣನನ್ನು ಕರೆದುಕೊಂಡು ಹೋದೆ.

ಮೇಸ್ತ್ರಿ ಕೋದಂಡಪ್ಪ ಗೂಡಿಗೆ ಆಳು ಹಿಡಿಯುವವನು, ನಿನಗೆ ಗೊತ್ತು. ಗೂಡಿನಲ್ಲಿ ಒಂಟಿ ಆಳನ್ನು ಕಟ್ಟಿಕೊಳ್ಳುವುದಿಲ್ಲ, ಜೋಡಿಗೇ ಮುಂಗಡ. ಒಬ್ಬರು ಮಣ್ಣು ತುಳಿದು ಕೊಡಬೇಕು, ಇನ್ನೊಬ್ಬರು ಅಚ್ಚು ಹಾಕಬೇಕು. ನಾವು ಹೊಸ್ತಿಲಿನಿಂದ ಎದ್ದುಬಂದ ಮೇಲೆ ಮುತ್ಯಾಲಮ್ಮ ತನ್ನದೂ ಗಂಡನದೂ ಹೆಬ್ಬೆಟ್ಟು ಒತ್ತಿಸಿ ಎರಡು ವರ್ಷದ ಮುಂಗಡ ತಂದಿದ್ದಾಳೆ. ಆ ದುಡ್ಡೇ ಸಂಘಕ್ಕೆ ಬಂದಿದ್ದು. ತಾವಿಬ್ಬರೂ ಗೂಡಿಗೆ, ಮಗಳು ನಿನ್ನ ಹತ್ತಿರಕ್ಕೆ, ಅಂತ ಅವಳ ಲೆಕ್ಕ. ಕದಿರಪ್ಪ ಮಣ್ಣಿಗೆ ಇಳಿದ ಮೊದಲ ವಾರವೇ ರಕ್ತ ಕಾರಿದ. ಜೋಡಿ ಮುರಿದರೆ ಮುಂಗಡ ವಾಪಸು ಇಡಿ ಅಂತ ಮೇಸ್ತ್ರಿ ಮನೆಗೆ ಬಂದು ನಿಂತ. ಧಾರವಾಡದ ಜಾಗ ಆಗಲೇ ಹೋಗಿತ್ತಲ್ಲ, ಹುಡುಗಿ ಮನೆಯಲ್ಲೇ ಇದ್ದಳು. ಅಪ್ಪನ ಜಾಗಕ್ಕೆ ಅವಳೇ ಹೋದಳು.

ನಾನು ನೋಡುವಾಗ ನಾರಾಯಣಿ ಮಂಡಿಯ ತನಕ ಕೆಸರಲ್ಲಿ ನಿಂತು ತುಳಿಯುತ್ತಿದ್ದಳು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಜೂನಿನಲ್ಲಿ ಜಾಗ ಇದೆ, ಅನಸೂಯಮ್ಮ ರೈಲು ಖರ್ಚೂ ಕಳಿಸಿದ್ದಾರೆ ಅಂದೆ. ಅವಳು ನಿಂತು ಕೇಳಿದಳು. ಆಮೇಲೆ ಅವ್ವನ ಮುಖ ನೋಡಿದಳು. ಮುತ್ಯಾಲಮ್ಮ ಅಚ್ಚಿನಿಂದ ಕೈ ತೆಗೆಯದೆ, “ವರಮ್ಮ ಚೆನ್ನಾಗಿ ಕಲೀತವಳಾ ಅಕ್ಕಾ?” ಅಂತ ಕೇಳಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೂಂ ಅಂದೆ. “ಕಲೀಲಿ ಬಿಡಿ” ಅಂದು ಮುಂದಿನ ಇಟ್ಟಿಗೆ ಹಾಕಿದಳು.

ಮುಂಗಡದಲ್ಲಿ ಹುಡುಗಿಯ ಪಾಲು ಕಟ್ಟಿದರೆ ಬಿಡುತ್ತೇನೆ, ಬೇರೆ ಆಳು ಹಾಕಿಕೊಳ್ಳುತ್ತೇನೆ ಅಂತ ಕೋದಂಡಪ್ಪ ಒಪ್ಪಿದ. ಬಸ್ಸಿನಲ್ಲಿ ಬರುವಾಗಲೇ ನಾನು ತೀರ್ಮಾನ ಮಾಡಿದ್ದೆ. ಎರಡನೇ ಸರದಿಯ ಹಣ ಸಂಘಕ್ಕೆ ಬಂದು ಕೂತಿದೆ. ಅದರಲ್ಲಿ ಮುತ್ಯಾಲಮ್ಮನಿಗೆ ಸಾಲ ಕೊಡೋಣ, ನನ್ನ ಹಸುವಿನ ಸರದಿ ಬಿಡುತ್ತೇನೆ ಅಂತ ಗುರುವಾರದ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಕೈ ಮುಗಿದು ಕೇಳಿದೆ ಅನಸೂಯ.

ಮೂಲೆಯಿಂದ ಒಬ್ಬಳು, ಮೂರು ಸಭೆಗೆ ಬಾರದವರು ಸದಸ್ಯರಲ್ಲ ಅಂದಳು. ಸದಸ್ಯರಲ್ಲದವರಿಗೆ ಸಂಘದ ಹಣ ಮುಟ್ಟಿಸಬಾರದು ಅಂತ ಇನ್ನೊಬ್ಬಳು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಮುಖ ನೋಡಿ ಮಣೆ ಹಾಕಬಾರದು ಅಂತ ಮತ್ತೊಬ್ಬಳು. ಅದು ನಿನ್ನ ಕಾಗದದ್ದೇ ಮಾತು, ಹಿಂದೆ ನಾನೇ ಓದಿ ಹೇಳಿದ್ದೆ. ಅಆಇಈ ಬಾರದ ಹೆಂಗಸರು, ಒಂದಕ್ಷರ ತಪ್ಪಿಲ್ಲದೆ ಒಪ್ಪಿಸಿದರು.

ಚೆನ್ನಾಗಿ ಕಲಿಸಿದ್ದೀಯ. ಜೂನ್ ಪಟ್ಟಿಯಲ್ಲಿ ಮುನಿನಾರಾಯಣಮ್ಮನ ಹೆಸರು ಹೊಡೆದುಹಾಕು.

ಗಂಗರತ್ನ